ಕಚ್ಚುವ ಪೆಡಲು, ಬಿಡುವ ಹಿಮ್ಮಡಿ

ಸೈಕಲ್ಲಿನ ಪೆಡಲಿಗೆ ಪಾದವನ್ನು ಬಿಗಿಯಾಗಿ ಹಿಡಿದಿಟ್ಟು, ಸವಾರರು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದ ಕೂಡಲೇ ಬಿಟ್ಟುಕೊಡುವ ವ್ಯವಸ್ಥೆಗೆ ‘ಕ್ಲಿಪ್‌ಲೆಸ್ ಪೆಡಲ್’ ಎಂಬ ಹೆಸರಿದೆ. ಕ್ಲಿಪ್ ಇಲ್ಲದ ಪೆಡಲು ಎಂಬುದು ಈ ಹೆಸರಿನ ನೇರ ಅರ್ಥವಾದರೂ ಪಾದವನ್ನು ಹಿಡಿಯುವುದೇ ಅದರ ಮುಖ್ಯ ಕೆಲಸವಾಗಿರುವುದರಿಂದ, ಮೊದಲ ಸಲ ಕೇಳಿದವರಿಗೆ ಗೊಂದಲವಾಗುವುದು ಸಹಜ. ಈ ಹೆಸರು ಹುಟ್ಟಿದ್ದು ಅದಕ್ಕಿಂತ ಹಿಂದೆ ಬಳಕೆಯಲ್ಲಿದ್ದ ಸಾಧನವೊಂದನ್ನು ಕೈಬಿಟ್ಟಾಗ. ಬಹುಕಾಲದವರೆಗೆ ಪಂದ್ಯದ ಸೈಕಲ್ಲುಗಳ ಪೆಡಲಿನ ಮುಂಭಾಗಕ್ಕೆ ಕಾಲ್ಬೆರಳುಗಳನ್ನು ಆವರಿಸುವ ಲೋಹದ ಪಂಜರವೊಂದನ್ನು ಕೂರಿಸಿ, ಅದನ್ನು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು; ಕುದುರೆಯ ತಡಿಗೆ ರಿಕಾಪು ಇರುವಂತೆ ಪೆಡಲಿಗೆ ಈ ‘ಟೋ ಕ್ಲಿಪ್’ ಇತ್ತು. ಬಿದ್ದ ಸವಾರನ ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಆಗುವ ಅನಾಹುತವೇ ಇಲ್ಲಿಯೂ ಆಗುತ್ತಿತ್ತು, ಏಕೆಂದರೆ ಪಟ್ಟಿಯನ್ನು ಸಡಿಲಿಸಲು ಸವಾರನು ಕೈಯನ್ನು ಹ್ಯಾಂಡಲಿನಿಂದ ತೆಗೆದು ಪಾದದವರೆಗೆ ಬಾಗಬೇಕಾಗಿತ್ತು. ಆ ಪಂಜರವಿಲ್ಲದೆ ಪಾದವನ್ನು ಹಿಡಿಯುವ ಪೆಡಲು ಬಂದಾಗ ಅದಕ್ಕೆ ‘ಕ್ಲಿಪ್ ಇಲ್ಲದ್ದು’ ಎಂಬ ಹೆಸರೇ ನಿಂತುಹೋಯಿತು.

ಪಂಜರವಿಲ್ಲದ ಪೆಡಲಿನ ಕಲ್ಪನೆ ಹಳೆಯದು. ಅಮೆರಿಕದ ಚಾರ್ಲ್ಸ್ ಹ್ಯಾನ್ಸನ್ 1895ರಲ್ಲಿಯೇ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದನು. ಇಟಲಿಯ ಚಿನೆಲ್ಲಿ ಸಂಸ್ಥೆ 1970ರ ದಶಕದ ಆರಂಭದಲ್ಲಿ ತಂದ ಪೆಡಲಿನಲ್ಲಿ ಪಾದವನ್ನು ಬಿಡಿಸಿಕೊಳ್ಳಲು ಕೈಯಿಂದ ಸನ್ನೆಯೊಂದನ್ನು ಎಳೆಯಬೇಕಾಗಿದ್ದುದರಿಂದ ಅದು ಜನಪ್ರಿಯವಾಗಲಿಲ್ಲ. ನಿಜವಾದ ತಿರುವು ಬಂದದ್ದು ಹಿಮದ ಮೇಲೆ ಜಾರುವ ಸ್ಕೀ ಆಟದಿಂದ. ಬಿದ್ದಾಗ ಸ್ಕೀ ಪಟ್ಟಿಯಿಂದ ಬೂಟು ತಾನಾಗಿ ಕಳಚಿಕೊಳ್ಳುವಂಥ ಬಂಧನಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಸಂಸ್ಥೆಯು ಅದೇ ತತ್ವವನ್ನು ಪೆಡಲಿಗೆ ಅಳವಡಿಸಿ 1984ರಲ್ಲಿ ಮಾರುಕಟ್ಟೆಗೆ ತಂದಿತು. ಮರುವರ್ಷ ಬೆರ್ನಾರ್ ಹಿನೋ ಆ ಪೆಡಲನ್ನು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಪಂಜರದ ಕಾಲ ಮುಗಿಯುತ್ತ ಬಂತು. ಹುಟ್ಟಿನಿಂದಲೇ ಈ ತಂತ್ರಜ್ಞಾನದ ಜೀವಾಳವಾಗಿದ್ದದ್ದು ಹಿಡಿಯುವ ಬಲವಲ್ಲ, ಬಿಡುವ ಗುಣ ಎಂಬುದನ್ನು ಈ ಸ್ಕೀ ಮೂಲ ತಿಳಿಸುತ್ತದೆ. ಉತ್ತರ ಕನ್ನಡದ ಜೊಯಿಡಾದಂಥ ಘಟ್ಟದ ನೆಲದಲ್ಲಿ ಪೆಡಲನ್ನು ಆರಿಸುವವರು ಮೊದಲು ನೆನಪಿಡಬೇಕಾದ ಸಂಗತಿಯೂ ಇದೇ.

ಲುಕ್ ಪೆಡಲಿಗೆ ಬೇಕಾದ ದೊಡ್ಡ ಪ್ಲಾಸ್ಟಿಕ್ ಬಿಲ್ಲೆಯು ಬೂಟಿನ ಅಟ್ಟೆಯಿಂದ ಹೊರಕ್ಕೆ ಉಬ್ಬಿಕೊಂಡಿರುತ್ತದೆ. ಅದನ್ನು ಮೂರು ಬೋಲ್ಟುಗಳಿಂದ ಬಿಗಿಯಲಾಗುತ್ತದೆ. ಡಾಂಬರು ರಸ್ತೆಯಲ್ಲಿ ಇಳಿಯದೆ ಸಾಗುವವರಿಗೆ ಅದು ಸರಿ, ಮಣ್ಣಿನ ಮೇಲೆ ನಡೆಯಬೇಕಾದವರಿಗೆ ಅದರಿಂದ ಪ್ರಯೋಜನವಿಲ್ಲ. ಜಪಾನಿನ ಶಿಮಾನೊ ಸಂಸ್ಥೆ 1990ರಲ್ಲಿ ತಂದ ‘ಎಸ್‌ಪಿಡಿ’ ಪೆಡಲು ಈ ತೊಡಕನ್ನು ಬಗೆಹರಿಸಿತು. ಅದರ ಬಿಲ್ಲೆ, ಅಂದರೆ ‘ಕ್ಲೀಟ್’, ಹೆಬ್ಬೆರಳಿನಷ್ಟು ಅಗಲದ ಉಕ್ಕಿನ ತುಣುಕು. ಎರಡೇ ಬೋಲ್ಟುಗಳಿಂದ ಬೂಟಿನ ಅಟ್ಟೆಯೊಳಗಿನ ಗುಳಿಯಲ್ಲಿ ಕೂರುತ್ತದೆ ಮತ್ತು ಸುತ್ತಲಿನ ರಬ್ಬರಿನ ಹಲ್ಲುಗಳು ಅದಕ್ಕಿಂತ ಎತ್ತರವಾಗಿರುವುದರಿಂದ ನಡೆಯುವಾಗ ನೆಲಕ್ಕೆ ತಾಗುವುದು ಬಹುಮಟ್ಟಿಗೆ ರಬ್ಬರೇ. ಎತ್ತಿನ ಗೊರಸಿಗೆ ಹೊಡೆದ ಲಾಳದಂತೆ ಕ್ಲೀಟು ಸದಾ ಅಟ್ಟೆಯ ಜೊತೆಗೇ ಇರುತ್ತದೆ. ಇಂದು ಮೌಂಟೇನ್ ಬೈಕಿಗಾಗಲಿ, ಗ್ರಾವೆಲ್ ಸೈಕಲ್ಲಿಗಾಗಲಿ ಬಳಕೆಯಾಗುವ ಬಹುತೇಕ ಕ್ಲಿಪ್‌ಲೆಸ್ ಪೆಡಲುಗಳು, ತಯಾರಕರು ಯಾರೇ ಆಗಿರಲಿ, ಈ ಎರಡು ಬೋಲ್ಟಿನ ಪದ್ಧತಿಯನ್ನೇ ಅನುಸರಿಸುತ್ತವೆ. ಬೋಲ್ಟಿನ ಅಳತೆ ಒಂದೇ ಆದರೂ ಒಬ್ಬ ತಯಾರಕರ ಕ್ಲೀಟು ಮತ್ತೊಬ್ಬರ ಪೆಡಲಿಗೆ ಸಾಮಾನ್ಯವಾಗಿ ಕೂರುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಎಸ್‌ಪಿಡಿ ಪೆಡಲಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಮುಂದಿನ ವಿಚಾರಗಳು ಸುಲಭವಾಗುತ್ತವೆ. ಪೆಡಲಿನ ಮುಂಭಾಗದಲ್ಲಿ ಅಲುಗಾಡದ ಕೊಂಡಿಯೊಂದಿದೆ, ಹಿಂಭಾಗದಲ್ಲಿ ಸ್ಪ್ರಿಂಗಿನ ಒತ್ತಡದಲ್ಲಿರುವ ಇನ್ನೊಂದು ಕೊಂಡಿಯಿದೆ. ಸವಾರನು ಪಾದವನ್ನು ಮುಂದಕ್ಕೆ ಜಾರಿಸಿ ಕ್ಲೀಟಿನ ಮೂತಿಯನ್ನು ಮುಂದಿನ ಕೊಂಡಿಯ ಕೆಳಗೆ ಸೇರಿಸಿ, ಅನಂತರ ಪಾದವನ್ನು ಕೆಳಕ್ಕೆ ಒತ್ತಿದಾಗ ಹಿಂದಿನ ಕೊಂಡಿಯು ಹಿಮ್ಮೆಟ್ಟಿ, ಕ್ಲೀಟಿನ ಹಿಂಬದಿಯನ್ನು ಒಳಕ್ಕೆ ಬಿಟ್ಟುಕೊಂಡು, ಮತ್ತೆ ಮುಂದೆ ಬಂದು ಕಚ್ಚಿಕೊಳ್ಳುತ್ತದೆ. ಆಗ ಕೇಳುವ ‘ಟಕ್’ ಎಂಬ ಸದ್ದೇ ಪಾದ ಕೂತಿತೆಂಬುದಕ್ಕೆ ಗುರುತು. ಬಿಡಿಸಿಕೊಳ್ಳುವಾಗ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು: ಕ್ಲೀಟಿನ ಓರೆಯಾದ ಅಂಚು ಹಿಂದಿನ ಕೊಂಡಿಯನ್ನು ಹಿಂದಕ್ಕೆ ದೂಡುತ್ತದೆ ಮತ್ತು ತಿರುವು ಸುಮಾರು 13 ಡಿಗ್ರಿ ಮುಟ್ಟುವ ಹೊತ್ತಿಗೆ ಪಾದ ಬಿಡುಗಡೆಯಾಗುತ್ತದೆ. ಪಾದವನ್ನು ನೇರವಾಗಿ ಮೇಲಕ್ಕೆ ಕಿತ್ತರೆ ಸಾಮಾನ್ಯ ಕ್ಲೀಟು ಬಿಡುವುದಿಲ್ಲ. ಹೆದರಿದ ಮನುಷ್ಯ ಮೊದಲು ಮಾಡುವುದು ಕಾಲನ್ನು ಮೇಲಕ್ಕೆ ಎಳೆಯುವುದನ್ನೇ ಆದ್ದರಿಂದ, ಕಲಿಯುವವರು ನಿಂತ ಜಾಗದಲ್ಲೇ ಪಕ್ಕಕ್ಕೆ ಉರುಳುವುದು ಲೋಕದ ಎಲ್ಲೆಡೆಯೂ ಕಾಣುವ ದೃಶ್ಯವಾಗಿದೆ.

ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದೊಡನೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಹೆಸರು ಬರುತ್ತದೆ. ಬಯಲುಸೀಮೆಯ ನೇರ ರಸ್ತೆಗಳಲ್ಲಿ ಬೆಳೆದ ಆ ಪರಂಪರೆ ವೇಗಕ್ಕೆ ಸಂಬಂಧಪಟ್ಟದ್ದು. ಉತ್ತರ ಕನ್ನಡದ ಉತ್ತರದ ತಾಲ್ಲೂಕುಗಳ ಸಂಗತಿ ಬೇರೆ. ಮುಂಡಗೋಡ ಮತ್ತು ಹಳಿಯಾಳ ಅರೆಮಲೆನಾಡು. ಭತ್ತ, ಮೆಕ್ಕೆಜೋಳ, ಕಬ್ಬಿನ ಹೊಲಗಳ ನಡುವೆ ಗರಸು ಹಾಕಿದ ರಸ್ತೆಗಳು, ಕೆರೆಯ ಏರಿಗಳು, ಖಡೀಕರಣವಾಗಿ ಡಾಂಬರಿಗೆ ಕಾದಿರುವ ಸಂಪರ್ಕ ರಸ್ತೆಗಳು ಇಲ್ಲಿವೆ. ಬಾಚಣಕಿ ಜಲಾಶಯದ ಆಸುಪಾಸು, ಟಿಬೆಟನ್ ನೆಲೆಯ ಕ್ಯಾಂಪುಗಳ ನಡುವಿನ ದಾರಿಗಳು, ಅತ್ತಿವೇರಿ ಪಕ್ಷಿಧಾಮದ ಕಡೆಯ ಹಳ್ಳಿ ರಸ್ತೆಗಳು ಗ್ರಾವೆಲ್ ಸೈಕಲ್ಲಿಗೆ, ಅಂದರೆ ರಸ್ತೆ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ ಇದ್ದರೂ ಅಗಲವಾದ ಟೈರುಗಳಿಂದ ಕಚ್ಚಾ ದಾರಿಯನ್ನು ಸಹಿಸಿಕೊಳ್ಳುವ ಸೈಕಲ್ಲಿಗೆ, ಹೇಳಿ ಮಾಡಿಸಿದಂತಿವೆ. ಪಶ್ಚಿಮಕ್ಕೆ ಸರಿದು ದಾಂಡೇಲಿಯನ್ನು ದಾಟಿದರೆ ಸಾಗವಾನಿ ಮತ್ತು ಬಿದಿರಿನ ಕಾಡು ಆರಂಭವಾಗಿ, ಕುಳಗಿ, ಪೊಟೋಲಿ, ಗುಂದಗಳ ಮೂಲಕ ಉಳವಿಯ ಕಡೆಗೆ ಹೋದಂತೆ ಏರಿಳಿತ ಹೆಚ್ಚುತ್ತದೆ. ಜೊಯಿಡಾ ತಾಲ್ಲೂಕು ವಿಸ್ತಾರದಲ್ಲಿ ದೊಡ್ಡದು, ಜನವಸತಿಯಲ್ಲಿ ವಿರಳ. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣವು ಗಣೇಶಗುಡಿಯ ಬಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಜೊಯಿಡಾ ತಾಲ್ಲೂಕು ಕೇಂದ್ರವಾಯಿತು; ಹಳೆಯ ದಾರಿಗಳಲ್ಲಿ ಕೆಲವು ನೀರಿನಡಿ ಹೋದವು, ಉಳಿದವು ಗುಡ್ಡ ಸುತ್ತುವ ದಾರಿಗಳಾದವು. ಕುಂಬಾರವಾಡಾದಿಂದ ಅಣಶಿಯ ಕಡೆಗೆ, ಅಲ್ಲಿಂದ ಘಟ್ಟವಿಳಿದು ಕದ್ರಾಕ್ಕೆ ಹೋಗುವ ರಸ್ತೆಯಲ್ಲಿ ಏರು, ತಿರುವು, ತೇವ ಮೂರೂ ಒಟ್ಟಿಗೆ ಎದುರಾಗುತ್ತವೆ.

ಮುಂಡಗೋಡದಿಂದ ಅಣಶಿಯವರೆಗಿನ ಈ ನೆಲದ ಬದಲಾವಣೆಯೇ ಪೆಡಲಿನ ಆಯ್ಕೆಯ ನಿಜವಾದ ಆಧಾರವಾಗಬೇಕು ಎಂಬುದು ಈ ಲೇಖನದ ಅಭಿಪ್ರಾಯ. ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವ ಚರ್ಚೆ ತೂಕ, ಬೆಲೆ, ಶಕ್ತಿಯ ಉಳಿತಾಯಗಳ ಸುತ್ತ ಸುತ್ತುತ್ತದೆ. ಶಿಮಾನೊ ಕಂಪನಿಯ ಸಾಧಾರಣ ದರ್ಜೆಯ ಎಂ520 ಪೆಡಲಿನ ಜೋಡಿ ಸುಮಾರು 380 ಗ್ರಾಂ ತೂಗಿದರೆ, ಅತಿ ದುಬಾರಿಯಾದ ಎಕ್ಸ್‌ಟಿಆರ್ ದರ್ಜೆಯ ಜೋಡಿ ಸುಮಾರು 310 ಗ್ರಾಂ ತೂಗುತ್ತದೆ; ಎರಡರ ನಡುವಿನ 70 ಗ್ರಾಂ ವ್ಯತ್ಯಾಸ ಅರ್ಧ ಲೋಟ ನೀರಿಗಿಂತ ಕಡಿಮೆ. ಪಾದವನ್ನು ಹಿಡಿಯುವ, ಬಿಡುವ ಕೆಲಸದಲ್ಲಿ ಇವೆರಡರ ನಡುವೆ ಬೆಲೆಗೆ ತಕ್ಕ ಅಂತರವಿಲ್ಲ. ಹೆಚ್ಚುವರಿ ಹಣವಿದ್ದವರು ಅದನ್ನು ಒಳ್ಳೆಯ ಬೂಟಿಗೆ ಹಾಕುವುದು ಲೇಸು.

ಜೊಯಿಡಾದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಕೆಸರಿನದು. ಇಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಸಾಸಿವೆಯಿಂದ ಕಡಲೆಯವರೆಗಿನ ಗಾತ್ರದ ಗಟ್ಟಿ ಹರಳುಗಳೂ, ಅವುಗಳನ್ನು ಅಂಟಿಸುವ ನುಣುಪಾದ ಜೇಡಿಯೂ ಒಟ್ಟಿಗೇ ಇರುತ್ತವೆ. ಬೇಸಿಗೆಯಲ್ಲಿ ಹರಳುಗಳು ರಸ್ತೆಯ ಮೇಲೆ ಚೆಲ್ಲಿದ ರಾಗಿಯಂತೆ ಟೈರಿನಡಿ ಉರುಳುತ್ತವೆ. ಜೂನ್ ತಿಂಗಳಿನಲ್ಲಿ ಮಳೆ ಹಿಡಿದ ಮೇಲೆ ಇವೇ ಜೇಡಿಯೊಡನೆ ಬೆರೆತು ಗಾರೆಯಂತಾಗುತ್ತವೆ. ಸವಾರನು ತೊರೆಯೊಂದರ ದಂಡೆಯಲ್ಲಿ ಇಳಿದು, ಹತ್ತು ಹೆಜ್ಜೆ ಸೈಕಲ್ ನೂಕಿಕೊಂಡು ಹೋಗಿ, ಮತ್ತೆ ಹತ್ತಿದಾಗ ಆಗುವುದೇನು ಎಂಬುದನ್ನು ಗಮನಿಸಬೇಕು. ಆ ಹತ್ತು ಹೆಜ್ಜೆಗಳಲ್ಲಿ ಅಟ್ಟೆಯ ಗುಳಿಯೊಳಗೆ ಗಾರೆ ತುಂಬಿಕೊಂಡು ಕ್ಲೀಟಿನ ಅಂಚುಗಳು ಮುಚ್ಚಿಹೋಗುತ್ತವೆ, ಅದರ ಮೇಲೆ ಒದ್ದೆಯಾದ ಸಾಗವಾನಿ ಎಲೆಯೊಂದು ಮೆತ್ತಿಕೊಳ್ಳುತ್ತದೆ. ಪೆಡಲನ್ನು ತುಳಿದಾಗ ‘ಟಕ್’ ಎಂಬ ಸದ್ದು ಬರುವುದಿಲ್ಲ. ಎರಡನೆಯ, ಮೂರನೆಯ ಸಲ ತುಳಿದಾಗ ಅರೆಬರೆಯಾಗಿ ಕಚ್ಚಿದಂತೆ ಅನಿಸುತ್ತದೆ. ಅಪಾಯವಿರುವುದು ಈ ಅರೆಕಚ್ಚಿನಲ್ಲಿಯೇ, ಏಕೆಂದರೆ ಏರಿನಲ್ಲಿ ಬಲ ಹಾಕಿದಾಗ ಪಾದ ಅನಿರೀಕ್ಷಿತವಾಗಿ ಕಳಚಬಹುದು, ಇಲ್ಲವೇ ಹಿಂದಿನ ಕೊಂಡಿಯ ಬೆನ್ನಿಗೆ ಹರಳು ಸಿಕ್ಕಿ ಅದು ಹಿಮ್ಮೆಟ್ಟಲಾಗದೆ ಬೇಕೆಂದಾಗ ಪಾದ ಬಾರದೇ ಹೋಗಬಹುದು.

ಈ ತೊಂದರೆಗೆ ತಯಾರಕರು ಎರಡು ದಾರಿ ಹಿಡಿದಿದ್ದಾರೆ. ಶಿಮಾನೊ ತನ್ನ ಕೊಂಡಿಗಳ ಸುತ್ತಲಿನ ಒಡಲನ್ನು ಕಾಲಕ್ರಮದಲ್ಲಿ ತೆರವುಗೊಳಿಸುತ್ತ ಬಂದು ಕೆಸರು ಹೊರಬೀಳಲು ಎಡೆ ಮಾಡಿತು. ಅಮೆರಿಕದ ಕ್ರ್ಯಾಂಕ್‌ಬ್ರದರ್ಸ್ ಸಂಸ್ಥೆ ಒಡಲನ್ನೇ ತೆಗೆದುಹಾಕಿತು: 2001ರಲ್ಲಿ ಬಂದ ಅದರ ‘ಎಗ್‌ಬೀಟರ್’ ಪೆಡಲು ಮೊಟ್ಟೆ ಕಡೆಯುವ ಸಾಧನದಂತೆ ಕಾಣುವ, ಅಚ್ಚಿನ ಸುತ್ತ ತಿರುಗುವ ಸರಳುಗಳ ಜೋಡಣೆ ಮಾತ್ರ. ಅದಕ್ಕೆ ನಾಲ್ಕು ಮುಖಗಳಿರುವುದರಿಂದ ಪಾದ ಎಲ್ಲಿ ಬಿದ್ದರೂ ಒಂದು ಬಾಯಿ ಸಿಗುತ್ತದೆ ಮತ್ತು ಕೆಸರಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಫ್ರೆಂಚ್ ಮೂಲದ ಟೈಮ್ ಸಂಸ್ಥೆಯ ಅಟ್ಯಾಕ್ ಪೆಡಲುಗಳೂ ಇದೇ ಜಾತಿಗೆ ಹತ್ತಿರವಾದವು. ಅವುಗಳಲ್ಲಿ ಬಾಗಿದ ಉಕ್ಕಿನ ಸರಳುಗಳು ಕ್ಲೀಟನ್ನು ಹಿಡಿಯುತ್ತವೆ. ಎಗ್‌ಬೀಟರ್, ಅಟ್ಯಾಕ್ ಎರಡರಲ್ಲಿಯೂ ಕ್ಲೀಟು ಹಿತ್ತಾಳೆಯದು. ಪೆಡಲಿನ ಉಕ್ಕು ಸವೆಯುವ ಬದಲು ಅಗ್ಗವಾದ ಹಿತ್ತಾಳೆಯೇ ಸವೆಯಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರವಾಗಿದ್ದು, ಜಂಬಿಟ್ಟಿಗೆ ಹರಳಿನ ಮೇಲೆ ದಿನವೂ ನಡೆಯುವವರಿಗೆ ಆ ಕ್ಲೀಟುಗಳು ಬೇಗ ಸವೆಯುತ್ತವೆ ಎಂಬುದು ಅದರ ಇನ್ನೊಂದು ಮುಖ. ಎಗ್‌ಬೀಟರ್ ಬಗೆಯ ಪೆಡಲಿನಲ್ಲಿ ಸ್ಪ್ರಿಂಗಿನ ಬಿಗಿಯನ್ನು ಸವಾರನು ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ಕ್ಲೀಟುಗಳನ್ನು ಎಡಬಲ ಅದಲುಬದಲಾಗಿ ಕೂರಿಸಿ ಬಿಡುಗಡೆಯ ಕೋನವನ್ನು 15 ಅಥವಾ 20 ಡಿಗ್ರಿಗೆ ಬದಲಿಸಬಹುದಷ್ಟೆ. ಎಸ್‌ಪಿಡಿಯಲ್ಲಿ ಬಿಗಿಯನ್ನು ಸಣ್ಣ ಆಲನ್ ಕೀಲಿಯಿಂದ ತಿರುಗಿಸಿ ಹೊಂದಿಸಿಕೊಳ್ಳಬಹುದು.

ಹಾಗಾದರೆ ಯಾವುದು ಲೇಸು? ಮುಂಡಗೋಡ, ಹಳಿಯಾಳಗಳ ಗರಸಿನ ದಾರಿಯಲ್ಲಿ, ಅದರಲ್ಲೂ ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ಒಣ ಹವೆಯಲ್ಲಿ, ಎಸ್‌ಪಿಡಿಯನ್ನು ಬಿಟ್ಟು ಬೇರೆಯದನ್ನು ಹುಡುಕುವ ಅಗತ್ಯ ಕಾಣುವುದಿಲ್ಲ. ಅದರ ಬೇರಿಂಗುಗಳು ದೀರ್ಘಕಾಲ ಬಾಳುತ್ತವೆ, ಕ್ಲೀಟುಗಳು ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳಂಥ ನಗರಗಳಿಂದ ತರಿಸಲು ಸುಲಭ. ಗುಂದ, ಉಳವಿ, ಅಣಶಿಗಳ ಕಡೆ ಮಳೆಗಾಲದಲ್ಲಿಯೂ ಸೈಕಲ್ ಬಿಡದವರಿಗೆ ತೆರೆದ ಸರಳಿನ ಪೆಡಲು ಕೊಡುವ ನೆಮ್ಮದಿ ದೊಡ್ಡದು. ಕೊಳ್ಳುವ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ: ಸ್ನೇಹಿತರ ಸೈಕಲ್ಲಿನಲ್ಲಿ ಆ ಪೆಡಲಿದ್ದರೆ, ಅವರ ಬೂಟಿನ ಕ್ಲೀಟಿಗೆ ಮನೆಯಂಗಳದ ಹಸಿ ಮಣ್ಣನ್ನು ಬೆರಳಿನಿಂದ ಗಟ್ಟಿಯಾಗಿ ಮೆತ್ತಿ, ಗೋಡೆ ಹಿಡಿದು ನಿಂತು ತುಳಿಯಿಸಿ ನೋಡುವುದು. ಒಂದೆರಡು ತುಳಿತಕ್ಕೆ ಮಣ್ಣು ಹೊರಬಿದ್ದು ಪಾದ ಕೂತರೆ, ಕೂತದ್ದು ತಿರುಗಿಸಿದಾಗ ತಡವಿಲ್ಲದೆ ಬಿಟ್ಟರೆ, ಆ ಪೆಡಲು ಈ ಸೀಮೆಗೆ ಒಗ್ಗುತ್ತದೆ.

ಬಿಡುಗಡೆಯ ವಿಚಾರವನ್ನು ಇನ್ನಷ್ಟು ವಿವರವಾಗಿ ನೋಡಬೇಕಾಗಿದೆ. ಘಟ್ಟದ ರಸ್ತೆಯಲ್ಲಿ ಪಾದವನ್ನು ತಟ್ಟನೆ ನೆಲಕ್ಕೆ ಊರಬೇಕಾದ ಸಂದರ್ಭಗಳು ಬಯಲಿಗಿಂತ ಹೆಚ್ಚು: ತಿರುವಿನಾಚೆ ಮುರಿದು ಬಿದ್ದ ಮರ, ಮಳೆಗೆ ಜಾರಿದ ಮಣ್ಣು, ರಸ್ತೆಯ ನಡುವೆ ಕದಲದೆ ನಿಂತ ಕಾಡುಕೋಣ. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ಏರಿನಲ್ಲಿ ನಡಿಗೆಯ ವೇಗಕ್ಕೆ ಇಳಿದಾಗ ಹಿಂದಿನ ಚಕ್ರ ಪಾಚಿಯ ಮೇಲೆ ಸುತ್ತಿ ಸೈಕಲ್ಲು ನಿಂತುಬಿಡುವುದು. ಆಗ ಸಿಗುವ ಸಮಯ ಒಂದು ಉಸಿರಿನಷ್ಟು. ಆದುದರಿಂದ ಹೊಸಬರು ಸ್ಪ್ರಿಂಗನ್ನು ಅತ್ಯಂತ ಸಡಿಲ ಮಟ್ಟದಲ್ಲಿಟ್ಟುಕೊಂಡು ಆರಂಭಿಸುವುದು ಕ್ಷೇಮ. ಶಿಮಾನೊ ಕ್ಲೀಟುಗಳಲ್ಲಿ ಎರಡು ಬಗೆಗಳಿವೆ: ಎಸ್‌ಎಚ್51 ಎಂಬುದು ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಬಿಡುತ್ತದೆ, ಎಸ್‌ಎಚ್56 ಎಂಬುದು ಮೇಲಕ್ಕೆ ಓರೆಯಾಗಿ ಬಲವಾಗಿ ಎಳೆದರೂ ಬಿಡುತ್ತದೆ. ಗಾಬರಿಯಲ್ಲಿ ಕಾಲನ್ನು ಎಳೆಯುವ ಸ್ವಭಾವ ಮರೆಯುವವರೆಗೆ ಎರಡನೆಯದು ಕಾಪಾಡುತ್ತದೆ. ಆಮೇಲೆ ಒರಟು ಇಳಿಜಾರಿನಲ್ಲಿ ಅದು ಬೇಡದಿದ್ದಾಗಲೂ ಬಿಡಬಹುದಾದ್ದರಿಂದ ಮೊದಲನೆಯದಕ್ಕೆ ಬದಲಿಸಿಕೊಳ್ಳಬಹುದು. ಸುಗ್ಗಿ ಮುಗಿದ ಗದ್ದೆಯ ಮೆತ್ತನೆಯ ನೆಲವೋ ಶಾಲೆಯ ಹುಲ್ಲು ಬೆಳೆದ ಮೈದಾನವೋ ಅಭ್ಯಾಸಕ್ಕೆ ಯೋಗ್ಯ. ಅಲ್ಲಿ ನೂರಾರು ಬಾರಿ ಕೂರಿಸಿ ಬಿಡಿಸಿ, ಹಿಮ್ಮಡಿಯ ತಿರುವು ಯೋಚನೆಯಿಲ್ಲದೆ ಬರುವಂತಾದ ಮೇಲೆಯೇ ಘಟ್ಟಕ್ಕೆ ಇಳಿಯಬೇಕು. ರೂಢಿಸಿಕೊಳ್ಳಬೇಕಾದ ಇನ್ನೊಂದು ಅಭ್ಯಾಸವೆಂದರೆ ಗುಡ್ಡದ ಬದಿಯ ಪಾದವನ್ನೇ ಮೊದಲು ಬಿಡಿಸುವುದು. ಬಹುತೇಕರಿಗೆ ಒಂದೇ ಕಾಲು ರೂಢಿಯಾಗಿರುತ್ತದೆ ಮತ್ತು ಆ ಕಾಲು ಕಮರಿಯ ಬದಿಗಿದ್ದಾಗ ದೇಹದ ಭಾರವೂ ಅತ್ತಲೇ ವಾಲುತ್ತದೆ. ಎರಡೂ ಕಾಲುಗಳಿಗೆ ಸಮನಾದ ಅಭ್ಯಾಸ ಬೇಕು.

ಬಿಗಿಯಾಗಿ ಕೂತ ಪಾದಕ್ಕೆ ಪೆಡಲು ಕೊಡುವ ಅಲ್ಪ ಓಲಾಟವನ್ನು ‘ಫ್ಲೋಟ್’ ಎನ್ನುತ್ತಾರೆ. ಎಸ್‌ಪಿಡಿಯಲ್ಲಿ ಅದು ಸುಮಾರು 4 ಡಿಗ್ರಿ, ಕ್ರ್ಯಾಂಕ್‌ಬ್ರದರ್ಸ್‌ನ ಸಾಮಾನ್ಯ ಕ್ಲೀಟಿನಲ್ಲಿ 6 ಡಿಗ್ರಿ. ನಡೆಯುವಾಗ ಪಾದ ಹೊರಮುಖವಾಗಿರುವ ವ್ಯಕ್ತಿಯನ್ನು ನೇರಕ್ಕೆ ಬಿಗಿದಿಟ್ಟರೆ ಆ ಒತ್ತಡವೆಲ್ಲ ಮಂಡಿಗೆ ಹೋಗುತ್ತದೆ. ಕ್ಲೀಟನ್ನು ಕೂರಿಸುವ ಮೊದಲು ಮೇಜಿನ ಅಂಚಿನಲ್ಲಿ ಕುಳಿತು ಕಾಲುಗಳನ್ನು ಸಡಿಲವಾಗಿ ಇಳಿಬಿಟ್ಟಾಗ ಪಾದಗಳು ಯಾವ ಕೋನದಲ್ಲಿ ನಿಲ್ಲುತ್ತವೆ ಎಂದು ನೋಡಿ, ಅದೇ ಕೋನವನ್ನು ಕ್ಲೀಟಿಗೆ ಕೊಡಬೇಕು. ಹೆಬ್ಬೆರಳಿನ ಬುಡದ ಉಬ್ಬು ಪೆಡಲಿನ ಅಚ್ಚಿನ ನೇರಕ್ಕೆ ಬರುವಂತೆ ಕೂರಿಸುವುದು ಹಳೆಯ ನಿಯಮವಾಗಿದ್ದರೂ, ಒರಟು ದಾರಿಯ ಸವಾರರು ಅದಕ್ಕಿಂತ ತುಸು ಹಿಮ್ಮಡಿಯ ಕಡೆಗೆ ಸರಿಸಿಕೊಳ್ಳುತ್ತಾರೆ. ಇಳಿಜಾರಿನಲ್ಲಿ ನಿಂತು ಸಾಗುವಾಗ ಮೀನಖಂಡಕ್ಕೆ ಅದರಿಂದ ವಿಶ್ರಾಂತಿ ಸಿಗುತ್ತದೆ.

ಕ್ಲಿಪ್‌ಲೆಸ್ ಪೆಡಲಿನಿಂದ ಕಾಲನ್ನು ಮೇಲಕ್ಕೆ ಎಳೆದು ಶಕ್ತಿ ಗಳಿಸಬಹುದು ಎಂಬ ಮಾತು ಈಗಲೂ ಪ್ರಚಾರದಲ್ಲಿದೆ. ಥಾಮಸ್ ಕಾರ್ಫ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಮಂದಿ ಸೈಕಲ್ ಸವಾರರು ನಾಲ್ಕು ಬಗೆಯಲ್ಲಿ ಪೆಡಲು ತುಳಿದಾಗ, ಉದ್ದೇಶಪೂರ್ವಕವಾಗಿ ಮೇಲಕ್ಕೆ ಎಳೆಯುವ ಬಗೆಯಲ್ಲಿಯೇ ದೇಹದ ಶಕ್ತಿ ಹೆಚ್ಚು ವ್ಯಯವಾಗುವುದು ಕಂಡುಬಂತು. ನಿಜವಾದ ಲಾಭ ಬೇರೆಡೆ ಇದೆ. ಖಡಿ ಎದ್ದ ರಸ್ತೆಯಲ್ಲಿ ಗಂಟೆಗಟ್ಟಲೆ ಅದುರುವಾಗ ಪಾದವು ಪೆಡಲಿನ ಮೇಲೆ ಅಂಗುಲ ಅಂಗುಲವಾಗಿ ಸರಿಯುತ್ತ ಹೋಗುತ್ತದೆ, ಸವಾರನು ಅದನ್ನು ಸರಿಪಡಿಸುತ್ತಲೇ ಇರಬೇಕಾಗುತ್ತದೆ. ಮಳೆಯಲ್ಲಿ ತೊಯ್ದ ಅಟ್ಟೆಯು ಬಲ ಹಾಕುವ ಹೊತ್ತಿಗೆ ಜಾರಿ, ಪೆಡಲಿನ ಅಂಚು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ಪಾದ ಒಂದೆಡೆ ನಿಂತರೆ ಮನಸ್ಸು ದಾರಿಯ ಮೇಲೆ ನಿಲ್ಲುತ್ತದೆ, ಈ ಪೆಡಲಿನ ಉಪಕಾರ ಅಷ್ಟೇ, ಆದರೆ ಅದು ಸಣ್ಣದಲ್ಲ.

ಹೀಗಿರುವುದರಿಂದ ಕ್ಲೀಟಿಲ್ಲದ ಚಪ್ಪಟೆ ಪೆಡಲನ್ನು ಕೀಳಾಗಿ ಕಾಣುವುದು ತಪ್ಪು. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಚಪ್ಪಟೆ ಪೆಡಲಿನಲ್ಲಿಯೇ ಇಳಿಜಾರು ಓಟದ ವಿಶ್ವ ಚಾಂಪಿಯನ್ ಆದವನು. 2017ರಿಂದ 2019ರವರೆಗೆ ಸತತ ಮೂರು ವರ್ಷ ಎಂಡ್ಯೂರೊ ವಿಶ್ವ ಸರಣಿಯನ್ನು ಗೆದ್ದದ್ದೂ ಅದರಲ್ಲಿಯೇ. ಮೇಲ್ಮೈಯಲ್ಲಿ ಮೊಳೆಯಂಥ ಸಣ್ಣ ಪಿನ್ನುಗಳಿರುವ ಅಗಲವಾದ ಪೆಡಲು ಮತ್ತು ಮೆದು ರಬ್ಬರಿನ ಅಟ್ಟೆ ಸೇರಿದರೆ ಹಿಡಿತ ಸಾಕಷ್ಟು ಸಿಗುತ್ತದೆ. ಈ ತಾಲ್ಲೂಕುಗಳ ಕುಣಬಿ, ಸಿದ್ದಿ, ಗೌಳಿ ವಾಡೆಗಳಿಂದ ಶಾಲೆಗೆ ಹೋದ ಮಕ್ಕಳಲ್ಲಿ ಅನೇಕರು 2006-07ರಲ್ಲಿ ಆರಂಭವಾದ ಎಂಟನೆಯ ತರಗತಿಯ ಸರ್ಕಾರಿ ಸೈಕಲ್ಲಿನ ರಬ್ಬರು ಪೆಡಲನ್ನು ಹವಾಯಿ ಚಪ್ಪಲಿಯಲ್ಲಿ ತುಳಿದು ಇವೇ ಏರುಗಳನ್ನು ಹತ್ತಿದವರು. ಸಮತೋಲನ, ಬ್ರೇಕಿನ ಹದ, ಚಕ್ರ ಎಲ್ಲಿ ಜಾರುತ್ತದೆ ಎಂಬ ಅಂದಾಜು ಇವೆಲ್ಲ ಬಿಡು ಪಾದದಲ್ಲಿ ಕಲಿತವರಿಗೆ ಚೆನ್ನಾಗಿ ಬರುತ್ತವೆ. ಒಂದು ಮುಖ ಚಪ್ಪಟೆಯಾಗಿ, ಇನ್ನೊಂದು ಮುಖದಲ್ಲಿ ಎಸ್‌ಪಿಡಿ ಕೊಂಡಿಯಿರುವ ಇಬ್ಬಗೆಯ ಪೆಡಲುಗಳೂ ದೊರೆಯುತ್ತವೆ. ಶಿಮಾನೊ ಇಎಚ್500 ಅಂಥದ್ದು. ವಾರದ ದಿನಗಳಲ್ಲಿ ಚಪ್ಪಲಿ ಮೆಟ್ಟಿ ಪೇಟೆಗೂ ಭಾನುವಾರ ಬೂಟು ಹಾಕಿ ದೂರಕ್ಕೂ ಒಂದೇ ಸೈಕಲ್ಲಿನಲ್ಲಿ ಹೋಗುವವರಿಗೆ ಅದು ಅನುಕೂಲ, ಆದರೆ ಘಟ್ಟದ ತಿರುವಿನಲ್ಲಿ ಬೇಕಾದ ಮುಖವನ್ನು ಪಾದದಿಂದ ಹುಡುಕಬೇಕಾಗುವುದು ಅದರ ಕೊರತೆ.

ಬೂಟಿನ ಆಯ್ಕೆಯಲ್ಲಿ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಜೊಯಿಡಾ ಪಾಠ ಕಲಿಸುತ್ತದೆ. ಪಂದ್ಯಕ್ಕೆಂದು ಮಾಡಿದ ಕಾರ್ಬನ್ ಅಟ್ಟೆಯ ಬೂಟು ಮರದ ಹಲಗೆಯಷ್ಟು ಗಡುಸಾಗಿದ್ದು, ಹಳ್ಳದ ಉರುಟು ಕಲ್ಲುಗಳ ಮೇಲೆ ಬಾಗುವುದೇ ಇಲ್ಲ. ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿದ ಕಾಲುಸಂಕವನ್ನು ಸೈಕಲ್ಲು ಹೆಗಲಿಗೇರಿಸಿ ದಾಟುವಾಗ ರಬ್ಬರಿನ ಹಲ್ಲು ಸವೆದು ಲೋಹದ ಕ್ಲೀಟು ಮೇಲೆದ್ದಿದ್ದರೆ ಹೆಜ್ಜೆ ಜಾರುವುದು ಖಚಿತ. ಮಧ್ಯಮ ಗಡುಸಿನ, ಆಳವಾದ ಹಲ್ಲುಗಳ, ಮುಂಬೆರಳಿನ ಕಡೆ ಸ್ವಲ್ಪ ಬಾಗುವ ಬೂಟು ಇಲ್ಲಿಗೆ ತಕ್ಕದ್ದು. ಜಾಲರಿಯ ಬೂಟಿನೊಳಗೆ ಮಳೆಗಾಲದ ಉಂಬಳಗಳು ನುಸುಳುತ್ತವೆ, ಮುಚ್ಚಿದ ಬೂಟಿನೊಳಗೆ ನೀರು ನಿಲ್ಲುತ್ತದೆ. ಎರಡರಲ್ಲಿ ನೀರು ಬೇಗ ಬಸಿಯುವ ಜಾಲರಿಯನ್ನೇ ಆರಿಸಿ, ಉದ್ದನೆಯ ದಪ್ಪ ಕಾಲುಚೀಲ ಧರಿಸುವುದು ಒಳಿತು. ಒದ್ದೆ ಬೂಟಿನ ಒಳಮೈಯನ್ನು ತೆಗೆದು ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ ಗಾಳಿಗಿಡಬೇಕು. ಒಲೆಯ ಮೇಲಿನ ಅಟ್ಟಕ್ಕೇರಿಸಿದರೆ ಅಟ್ಟೆಯ ಅಂಟು ಬಿಡುತ್ತದೆ.

ಪೆಡಲನ್ನು ಕ್ರ್ಯಾಂಕಿಗೆ, ಅಂದರೆ ಪೆಡಲು ಕೂರುವ ತೋಳಿಗೆ, ಜೋಡಿಸುವ ಕೆಲಸವನ್ನು ಊರಿನ ಸೈಕಲ್ ಅಂಗಡಿಯಲ್ಲಿಯೇ ಮಾಡಿಸಬಹುದು. ಈ ಸೈಕಲ್ಲುಗಳ ಪೆಡಲಿನ ತಿರುಪು ಸಾಮಾನ್ಯವಾಗಿ ಒಂದೇ ಅಳತೆಯದು, 9/16 ಅಂಗುಲ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ತುಳಿಯುತ್ತ ತುಳಿಯುತ್ತ ಅದು ತಾನಾಗಿ ಸಡಿಲವಾಗಬಾರದು ಎಂಬ ಕಾರಣಕ್ಕೆ. ಇದನ್ನು ಮರೆತು ಬಲವಂತ ಮಾಡಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ತಿರುಪು ಕಿತ್ತುಹೋಗುತ್ತದೆ. ಜೋಡಿಸುವ ಮುನ್ನ ತಿರುಪಿಗೆ ಗ್ರೀಸು ಸವರುವುದನ್ನು ಯಾರೂ ಬಿಡಬಾರದು, ಏಕೆಂದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತವೆ. ಕ್ಲೀಟಿನ ಬೋಲ್ಟುಗಳಿಗೂ ಗ್ರೀಸು ಬೇಕು. ಅವುಗಳ ತಲೆಯ ಗುಳಿಗೆ ಸೇರಿದ ಮಣ್ಣು ಗಟ್ಟಿಯಾಗಿ ಕೀಲಿ ಕೂರದಂತಾಗುವುದರಿಂದ, ಆ ಗುಳಿಗೆ ಮೇಣದ ಬತ್ತಿಯ ಎರಡು ಹನಿ ಬಿಡುವುದು ಸುಲಭವಾದ ಉಪಾಯ.

ಎಲ್ಲಿ ತುಳಿಯಬೇಕು ಎಂಬ ಪ್ರಶ್ನೆಗೂ ಇಲ್ಲಿ ಮಿತಿಯಿದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರೊಳಗಿನ ಕಾಡುದಾರಿಗಳಿಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಸದ್ದು ಮಾಡದೆ ಬರುವ ಸೈಕಲ್ಲು ಪ್ರಾಣಿಗಳನ್ನು ತೀರ ಸಮೀಪದಲ್ಲಿ ಬೆಚ್ಚಿಬೀಳಿಸುವುದರಿಂದ ಈ ನಿರ್ಬಂಧ ಸವಾರರ ಹಿತಕ್ಕೂ ಬೇಕಾದದ್ದು. ಹಳ್ಳಿಗಳನ್ನು ಕೂಡಿಸುವ ಸಾರ್ವಜನಿಕ ರಸ್ತೆಗಳು ಉಳಿದಿವೆ ಮತ್ತು ಒಬ್ಬ ಸವಾರನ ಹಲವು ವರ್ಷಗಳಿಗೆ ಅವು ಸಾಲುತ್ತವೆ.

ಮಾಘ ಮಾಸದ ಭಾರತ ಹುಣ್ಣಿಮೆಗೆ ಉಳವಿಯ ಚೆನ್ನಬಸವೇಶ್ವರ ಜಾತ್ರೆಗೆಂದು ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಈ ದಾರಿಗಳಲ್ಲಿ ಬರುತ್ತವೆ. ಅಷ್ಟು ದೂರದ ಗಟ್ಟಿ ನೆಲಕ್ಕೆಂದು ಹೊರಡುವ ಮುನ್ನ ಎತ್ತುಗಳಿಗೆ ಹೊಸ ಲಾಳ ಹೊಡೆಸುತ್ತಾರೆ. ಮಳೆಗಾಲದ ಗಾರೆಯನ್ನೂ ಚಳಿಗಾಲದ ಹರಳನ್ನೂ ಕಂಡ ಕ್ಲೀಟನ್ನು ಪರೀಕ್ಷಿಸಲು ಅದೇ ತಕ್ಕ ಸಮಯ. ಬೂಟನ್ನು ತಿರುವಿ ನೋಡಿದಾಗ ಕ್ಲೀಟಿನ ಮೂತಿ ತೆಳುವಾಗಿ ಹೊಳೆಯುತ್ತಿದ್ದರೆ, ಪೆಡಲಿನಲ್ಲಿ ಕೂತ ಪಾದ ಮೊದಲಿಗಿಂತ ಹೆಚ್ಚು ಓಲಾಡುತ್ತಿದ್ದರೆ, ಇಲ್ಲವೇ ಬಿಡುವಾಗ ಒಮ್ಮೆ ಸುಲಭವಾಗಿಯೂ ಒಮ್ಮೆ ತಡವಾಗಿಯೂ ಬಿಡುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಹಳೆಯದನ್ನು ಬಿಚ್ಚುವ ಮೊದಲು ಅದರ ಸುತ್ತ ಅಟ್ಟೆಯ ಮೇಲೆ ಮೊನಚಾದ ಪೆನ್ನಿನಿಂದ ಗೆರೆ ಎಳೆದುಕೊಳ್ಳಬೇಕು. ಹೊಸ ಕ್ಲೀಟು ಆ ಗೆರೆಯೊಳಗೆ ಕೂತರೆ ಮಂಡಿಗೆ ಬದಲಾವಣೆ ತಿಳಿಯುವುದಿಲ್ಲ.